ಸ್ಪ್ಯಾನಿಷಿನ ‘ಕಂತಾಬ’, ನಮ್ಮ ‘ಹಾಡುತ್ತಿದ್ದೆ’

ಬೋಧನಾಭ್ಯಾಸದಲ್ಲಿ ನನ್ನ ನಾಲ್ಕನೆಯ ಪಾಠ ಕೆಟ್ಟಿತು. ಬೆಂಗಳೂರಿನ ಶಾಲೆಯೊಂದರ ಎಂಟನೆಯ ತರಗತಿ. ವಿಷಯ, ಸ್ಪ್ಯಾನಿಷಿನ ಅಪೂರ್ಣ ಭೂತಕಾಲ. ಹಲಗೆಯ ಮೇಲೆ ‘ಕಂತಾರ್’ (ಹಾಡು) ಎಂದು ಬರೆದೆ. ಸಿನಿಮಾ ನೆನಪಾಗಿ ಮಕ್ಕಳು ನಕ್ಕರು, ಅದರಿಂದ ತೊಂದರೆಯಾಗಲಿಲ್ಲ. ಕೊನೆಯ ‘ಆರ್’ ತೆಗೆದು ಪ್ರತ್ಯಯ ಹಚ್ಚಿದರಾಯಿತು: ಕಂತಾಬ (ನಾನು), ಕಂತಾಬಸ್ (ನೀನು), ಕಂತಾಬ (ಅವನು, ಅವಳು), ಕಂತಾಬಮೊಸ್ (ನಾವು), ಕಂತಾಬಯ್ಸ್ (ನೀವೆಲ್ಲ, ಇದು ಸ್ಪೇನಿನ ಬಳಕೆ), ಕಂತಾಬನ್ (ಅವರು). ಒತ್ತು ಬೀಳುವೆಡೆ ದೀರ್ಘ ಬರೆದಿದ್ದೇನೆ.

ರೂಪಗಳು ಬೇಗ ಬಾಯಿಗೆ ಬಂದವು. ಕೆಟ್ಟದ್ದು ಅರ್ಥ ಹೇಳುವಾಗ. ಇಂಗ್ಲಿಷಿನ ‘ಯೂಸ್ಡ್ ಟು ಸಿಂಗ್’ ಒಂದರ್ಥ, ‘ವಾಸ್ ಸಿಂಗಿಂಗ್’ ಇನ್ನೊಂದರ್ಥ ಎಂದು ಬರೆಸಿದೆ. “ಯಾವಾಗ ಯಾವುದು, ಮಿಸ್?” ಎಂದಳು ಒಬ್ಬ ಹುಡುಗಿ. ನಾನು ತಡವರಿಸಿದೆ. ಅವಲೋಕನಕ್ಕೆ ಕುಳಿತಿದ್ದ ಮಾರ್ಗದರ್ಶಕರು ಆಮೇಲೆ ಕೇಳಿದ್ದು ಒಂದೇ: “ಕನ್ನಡದಲ್ಲಿ ಇದನ್ನ ಹೇಗೆ ಹೇಳ್ತೀರಮ್ಮ?”

ಹಾಡುತ್ತಿದ್ದೆ! ‘ಚಿಕ್ಕವಳಿದ್ದಾಗ ದಿನಾ ಹಾಡುತ್ತಿದ್ದೆ’, ‘ನೀನು ಬಂದಾಗ ಹಾಡುತ್ತಿದ್ದೆ’. ರೂಢಿಗೂ, ನಡೆಯುತ್ತಿದ್ದ ಕೆಲಸಕ್ಕೂ ನಮ್ಮಲ್ಲಿ ಒಂದೇ ರೂಪ. ಕಂತಾಬವೂ ಹಾಗೆಯೇ. ಮರುಪಾಠವನ್ನು ಇಲ್ಲಿಂದಲೇ ಆರಂಭಿಸಿದೆ. ಆ ಹುಡುಗಿ ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ‘ಏರ್’, ‘ಈರ್’ ಅಂತ್ಯದ ಧಾತುಗಳಿಗೆ ‘ಈಅ’ ಬರುತ್ತದೆ: ಕೊಮೇರ್ (ತಿನ್ನು) ಕೊಮೀಅ, ಬಿಬೀರ್ (ವಾಸಿಸು) ಬಿಬೀಅ. ನಿಯಮ ತಪ್ಪುವ ಧಾತುಗಳು ಇಡೀ ಭಾಷೆಯಲ್ಲಿ ಮೂರೇ: ಸೇರ್, ಈರ್, ಬೇರ್ (ಆಗಿರು, ಹೋಗು, ನೋಡು).

ಆದರೆ ಕನ್ನಡದ ಊರುಗೋಲು ಎಲ್ಲ ಕಡೆ ನಿಲ್ಲದು. ನಮ್ಮ ‘ಹಾಡುತ್ತಿದ್ದೆ’, ‘ಹಾಡುತ್ತಿದ್ದಳು’ ಕರ್ತೃವನ್ನು ತಾವೇ ಹೇಳುತ್ತವೆ, ಕಂತಾಬ ಹೇಳುವುದಿಲ್ಲ. ಗೊಂದಲವಾಗುವಲ್ಲಿ ‘ಯೊ’ (ನಾನು), ‘ಎಯ್ಯ’ (ಅವಳು) ಸೇರಿಸಬೇಕು. ಇನ್ನೊಂದು ತೊಡಕು ದೊಡ್ಡದು. ‘ಐದು ವರ್ಷ ಮೈಸೂರಿನಲ್ಲಿ ವಾಸಿಸುತ್ತಿದ್ದೆ’ ಎಂಬುದಕ್ಕೆ ಅರ್ಧ ತರಗತಿ ‘ಬಿಬೀಅ’ ಬರೆದಿತ್ತು. ಇಷ್ಟು ವರ್ಷ ಎಂದು ಎಣಿಸಿ ಮುಗಿಸಿದ ಅವಧಿಗೆ ಸ್ಪ್ಯಾನಿಷ್ ಸಾಮಾನ್ಯವಾಗಿ ಪೂರ್ಣ ಭೂತವನ್ನು ಬಳಸುತ್ತದೆ: ‘ಬಿಬೀ’. ‘ಆಗ ಮೈಸೂರಿನಲ್ಲಿ ವಾಸಿಸುತ್ತಿದ್ದೆ’ ಎಂದಷ್ಟೇ ಹೇಳಿದರೆ ‘ಬಿಬೀಅ’ ಸರಿ. ಆ ಎರಡು ವಾಕ್ಯಗಳನ್ನು ಈಗ ನನ್ನ ಪಾಠಯೋಜನೆಯಲ್ಲಿ ಅಕ್ಕಪಕ್ಕ ಬರೆದಿಟ್ಟುಕೊಂಡಿದ್ದೇನೆ.