ಅಗ್ಗದ ಸ್ಕಾಚ್: ಘಾಟು ಎಷ್ಟು, ಘಮ ಎಷ್ಟು?

ಹೈದರಾಬಾದಿನ ಜೀಡಿಮೆಟ್ಲಾದ ಔಷಧ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮ ಬೀದರ್, ಕಲಬುರಗಿ ಕಡೆಯವರಿಗೆ ಈಥೈಲ್ ಅಸಿಟೇಟ್ ಎಂಬ ಸಾಲ್ವೆಂಟಿನ ವಾಸನೆ ಚೆನ್ನಾಗಿ ಗೊತ್ತು. ನೇಲ್ ಪಾಲಿಶ್ ತೆಗೆಯುವ ದ್ರಾವಣದಲ್ಲೂ ಇರುವಂಥದ್ದು. ಇದೇ ಪದಾರ್ಥ ವಿಸ್ಕಿಯಲ್ಲಿಯೂ ಹುಟ್ಟುತ್ತದೆ. ಹದವಾಗಿದ್ದರೆ ಹಣ್ಣಿನ ಘಮ, ಹೆಚ್ಚಾದರೆ ಪೇಂಟಿನ ಘಾಟು. ವಿಸ್ಕಿಯನ್ನು ಅಳೆಯುವ ಕೆಲಸದ ಬಹುಪಾಲು ಮೂಗಿನದ್ದೇ. ನಾಲಿಗೆಯ ಸರದಿ ಆಮೇಲೆ.

ಮೊದಲು ಲೇಬಲ್ ಓದಿ. ‘ಬ್ಲೆಂಡೆಡ್ ಸ್ಕಾಚ್ ವಿಸ್ಕಿ’ ಎಂದೇ ಬರೆದಿರಬೇಕು. ಸ್ಕಾಚ್ ಮಾಲ್ಟ್ ಬೆರೆಸಿದ ರಾಯಲ್ ಸ್ಟ್ಯಾಗ್, ಬ್ಲೆಂಡರ್ಸ್ ಪ್ರೈಡ್ ಭಾರತೀಯ ವಿಸ್ಕಿಗಳು, ಅವು ಸ್ಕಾಚ್ ಅಲ್ಲ. 2009ರ ಬ್ರಿಟಿಷ್ ನಿಯಮಾವಳಿಯ ಪ್ರಕಾರ ಸ್ಕಾಚ್ ಸ್ಕಾಟ್ಲೆಂಡಿನಲ್ಲೇ ಭಟ್ಟಿಯಿಳಿದು, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಬೇಕು. ಅದಕ್ಕೆ ನೀರು ಮತ್ತು ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸೇರಿಸುವಂತಿಲ್ಲ. ಲೇಬಲ್ ಮೇಲೆ 12 ವರ್ಷ ಎಂದಿದ್ದರೆ ಅದು ಬಾಟಲಿಯಲ್ಲಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ಅಗ್ಗದ ಬಾಟಲಿಗಳಲ್ಲಿ ಸಾಮಾನ್ಯವಾಗಿ ವಯಸ್ಸೇ ಇರುವುದಿಲ್ಲ. ಅದು ದೋಷವಲ್ಲ.

ಟೀಚರ್ಸ್, ಬ್ಲ್ಯಾಕ್ ಅಂಡ್ ವೈಟ್, ವ್ಯಾಟ್ 69, 100 ಪೈಪರ್ಸ್ ನಮ್ಮಲ್ಲಿ ಕೈಗೆಟಕುವುದಕ್ಕೆ ಕಾರಣವಿದೆ. ಇವನ್ನು ಸಗಟಾಗಿ ತರಿಸಿ, ಇಲ್ಲೇ ನೀರು ಬೆರೆಸಿ, ಬಾಟಲಿಗೆ ತುಂಬುತ್ತಾರೆ. ಒಂದೇ ಭಟ್ಟಿಯ ಬಾರ್ಲಿ ವಿಸ್ಕಿಯಾದ ಸಿಂಗಲ್ ಮಾಲ್ಟ್ ಸ್ಕಾಚಿಗೆ ಹಾಗೆ ಮಾಡಲು ಅನುಮತಿಯಿಲ್ಲ, ಬ್ಲೆಂಡಿಗೆ ಇದೆ. ‘ಇಂಡಿಯಾದಲ್ಲಿ ತುಂಬಿದ್ದು’ ಎಂದು ಮೂಗು ಮುರಿಯುವವರು ಒಮ್ಮೆ ಲೇಬಲ್ ಮುಚ್ಚಿ ಕುಡಿದು ನೋಡಲಿ.

ಬ್ಲೆಂಡ್ ಎಂದರೆ ಮೊಳಕೆ ಬಾರ್ಲಿಯ ಮಾಲ್ಟ್ ವಿಸ್ಕಿ ಮತ್ತು ಗೋಧಿ, ಮೆಕ್ಕೆಜೋಳದಂಥ ಧಾನ್ಯಗಳ ಗ್ರೇನ್ ವಿಸ್ಕಿಯ ಬೆರಕೆ. ಸಾಮಾನ್ಯವಾಗಿ ಗ್ರೇನ್ ಪಾಲೇ ಹೆಚ್ಚು. ಹಾಗೆಂದು ಅದು ಕಲಬೆರಕೆಯಲ್ಲ. ಹಗುರ ಸಿಹಿ, ವೆನಿಲ್ಲಾ, ಗಂಟಲಲ್ಲಿ ಜಾರುವ ಗುಣ ಗ್ರೇನಿನಿಂದ ಬರುತ್ತವೆ. ಬಿಸ್ಕತ್ತಿನ ಘಮ, ಹೊಗೆ, ಮೈತೂಕ ಮಾಲ್ಟಿನಿಂದ. ಎರಡೂ ಹೊಂದಿಕೊಂಡಿವೆಯೇ ಎಂಬುದೇ ಬ್ಲೆಂಡಿನ ಪರೀಕ್ಷೆ. ಅದನ್ನು ಸಿಂಗಲ್ ಮಾಲ್ಟ್ ಪಕ್ಕಕ್ಕಿಟ್ಟು ‘ಸಪ್ಪೆ’ ಎನ್ನುವುದು ಅನ್ಯಾಯ.

ಈಗ ಗ್ಲಾಸು. ಬಾಯಿ ಕಿರಿದಾದ ಸಣ್ಣ ವೈನ್ ಗ್ಲಾಸಿಗೆ 15 ಮಿ.ಲೀ. ಸಾಕು. ಬಣ್ಣ ನೋಡಿ ಮರುಳಾಗಬೇಡಿ, ಅದು ಕ್ಯಾರಮೆಲ್ ಇರಬಹುದು. ಐಸ್ ಬೇಡ, ಅದು ಘಮವನ್ನು ಅಡಗಿಸುತ್ತದೆ. ಆದರೆ ಹೈದರಾಬಾದಿನ ಮೇ ತಿಂಗಳ 40 ಡಿಗ್ರಿ ಸೆಕೆಯಲ್ಲಿ ಆಲ್ಕೋಹಾಲ್ ಭರದಿಂದ ಆವಿಯಾಗಿ ಮೂಗಿಗೆ ಬರೀ ಘಾಟು ಹೊಡೆಯುತ್ತದೆ. ಬಾಟಲಿಯನ್ನು ಸ್ವಲ್ಪ ಹೊತ್ತು ತಣ್ಣೀರಿನಲ್ಲಿಡಿ.

ಗ್ಲಾಸಿನೊಳಗೆ ಮೂಗು ತುರುಕಬೇಡಿ. ಗಲ್ಲದ ಮಟ್ಟಕ್ಕೆ ಹಿಡಿದು, ಬಾಯಿ ಅರೆ ತೆರೆದು, ನಿಧಾನಕ್ಕೆ ಮೇಲಕ್ಕೆ ತನ್ನಿ. ಮೊದಲು ಬರುವ ಘಾಟನ್ನು ಲೆಕ್ಕಕ್ಕಿಡಬೇಡಿ. ಎರಡು ನಿಮಿಷ ಬಿಟ್ಟು ಮತ್ತೆ ಮೂಸಿದರೆ ಹಸಿರು ಸೇಬು, ಬಾಳೆಹಣ್ಣು, ಜೇನು, ವೆನಿಲ್ಲಾ, ಪೀಟ್ ಎಂಬ ಜೌಗು ಮಣ್ಣು ಸುಟ್ಟ ಹೊಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಆಗಲೂ ಸಾಲ್ವೆಂಟ್ ವಾಸನೆಯೇ ಮುಂದಿದ್ದರೆ ಎಳೆಯ ಸ್ಪಿರಿಟ್ ಸರಿಯಾಗಿ ಮಾಗಿಲ್ಲ ಎನ್ನಬಹುದು. ಒದ್ದೆ ರಟ್ಟು, ಸುಟ್ಟ ರಬ್ಬರಿನ ವಾಸನೆ ಬಂದರೆ ಅಂಕ ಕಳೆಯಿರಿ.

ಇನ್ನು ನೀರು. ನಮ್ಮಲ್ಲಿ ಸ್ಕಾಚಿನ ಸಾಮಾನ್ಯ ತೀವ್ರತೆ ಶೇ. 42.8. ಸಮ ಪ್ರಮಾಣದ ನೀರು ಬೆರೆಸಿದರೆ ಶೇ. 21ರ ಆಸುಪಾಸಿಗೆ ಇಳಿಯುತ್ತದೆ. ವೃತ್ತಿಪರ ಬ್ಲೆಂಡರುಗಳು ಮೂಸುವುದೂ ಹೆಚ್ಚುಕಡಿಮೆ ಈ ಮಟ್ಟದಲ್ಲೇ, ಏಕೆಂದರೆ ಘಾಟಿನ ಮರೆಯಲ್ಲಿದ್ದ ಗುಣದೋಷಗಳೆರಡೂ ಆಗ ಬಯಲಾಗುತ್ತವೆ. ಬೋರ್‌ವೆಲ್ ನೀರು ಬೇಡ; ವಾಸನೆಯಿಲ್ಲದ, ಉಪ್ಪು ಕಡಿಮೆಯ ಕುಡಿಯುವ ನೀರು ಬಳಸಿ.

ಒಂದು ಸಣ್ಣ ಗುಟುಕು ತೆಗೆದುಕೊಂಡು, ನುಂಗುವ ಮುನ್ನ ಬಾಯಿತುಂಬ ಆಡಿಸಿ. ನಾಲಿಗೆಯ ಮೇಲೆ ನೀರಾಗಿ ಕಳೆದುಹೋಯಿತೇ, ತುಸು ಎಣ್ಣೆಯಂತೆ ನಿಂತಿತೇ? ನುಂಗಿದ ಮೇಲೆ ಏನು ಉಳಿಯಿತು? ಬರೀ ಉರಿ ಮತ್ತು ಒಗರು ಉಳಿದರೆ ಕಳಪೆ. ಸಿಹಿ, ಕಾಳುಮೆಣಸು, ತೆಳು ಹೊಗೆ ಅರ್ಧ ನಿಮಿಷ ನಿಂತರೂ ಈ ಬೆಲೆಗೆ ಒಳ್ಳೆಯದು.

ಹೆಸರಿನ ಮೋಹ ಕಳೆಯಲು ಆಹಾರ ಪ್ರಯೋಗಾಲಯಗಳ ಮೂರು ಗ್ಲಾಸಿನ ಪರೀಕ್ಷೆ ಇದೆ. ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ. ಯಾವುದರಲ್ಲಿ ಏನಿದೆ ಎಂದು ನಿಮಗೆ ಗೊತ್ತಿರಬಾರದು. ಬೇರೆಯದನ್ನು ಮತ್ತೆಮತ್ತೆ ಗುರುತಿಸಲಾಗದಿದ್ದರೆ, ದುಬಾರಿ ಬಾಟಲಿಗೆ ಹೆಚ್ಚು ಹಣ ತೆರುವ ಅಗತ್ಯ ನಿಮಗಿಲ್ಲ. ಇದನ್ನು ಊಟಕ್ಕೆ ಮುಂಚೆ ಮಾಡಿ. ಮಸಾಲೆ ತಿಂದ ನಾಲಿಗೆಗೆ ಏನೂ ತಿಳಿಯದು. ಗಾಡಿ ಓಡಿಸುವುದಿದ್ದರೆ ಈ ಕೆಲಸಕ್ಕೇ ಕೈಹಾಕಬೇಡಿ. ತೆಲಂಗಾಣದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ.

ನನ್ನ ತೀರ್ಪು ಹೀಗೆ: ಆರ್ಡ್‌ಮೋರ್ ಭಟ್ಟಿಯ ಹೊಗೆಯಾಡಿಸಿದ ಮಾಲ್ಟ್ ಇರುವ ಟೀಚರ್ಸ್ ಈ ದರ್ಜೆಯಲ್ಲಿ ಮೈತುಂಬಿದ್ದು, ನೀರು ಹಾಕಿದರೂ ಕುಸಿಯುವುದಿಲ್ಲ. ಹೊಗೆ ಒಗ್ಗದವರಿಗೆ ಬ್ಲ್ಯಾಕ್ ಅಂಡ್ ವೈಟ್ ಮೃದು, ಆದರೆ ಅದಕ್ಕೆ ನೀರು ಕಡಿಮೆ ಹಾಕಿ.