ಪುನರ್ಪುಳಿ ಬಣ್ಣ ಉಳಿದ್ರೆ ಬೆಲೆನೂ ಉಳಿಯುತ್ತೆ

ಮಲೆನಾಡು, ಕರಾವಳಿಯಲ್ಲಿ ಪುನರ್ಪುಳಿ (ನಮ್ಮ ಕಡೆ ಮುರುಗಲು ಅಂತೀವಿ) ಹಣ್ಣಾಗೋದೇ ಮಳೆ ಹತ್ತಿರ ಬಂದಾಗ. ಕೊಯ್ದು, ಬಿಡಿಸಿ, ಒಣಗಿಸೋಕೆ ಸಿಗೋದು ಕೆಲವೇ ದಿನ. ವ್ಯಾಪಾರಿ ಒಣಸಿಪ್ಪೆ ಕೈಗೆತ್ತಿಕೊಂಡ ಕೂಡಲೇ ನೋಡೋದು ಬಣ್ಣ. ಕಡುಗೆಂಪಿದ್ರೆ ಒಂದು ರೇಟು, ಕಂದಾಗಿದ್ರೆ ಇನ್ನೊಂದು. ಹಾಗಾಗಿ ಈ ವಾರ ಬಣ್ಣದ ವಿಷಯವನ್ನೇ ತಗೊಂಡಿದ್ದೀನಿ.

ಈ ಬಣ್ಣ ಯಾವುದು?

ಇದರ ಹೆಸರು ಆಂಥೋಸಯಾನಿನ್. ನೇರಳೆ, ಕಪ್ಪು ದ್ರಾಕ್ಷಿ, ಹಿಪ್ಪುನೇರಳೆ ಹಣ್ಣಿನ ಬಣ್ಣನೂ ಇದೇ ಗುಂಪಿನದು. ಟೊಮೆಟೊ ಕೆಂಪು ಬೇರೆ, ಅದು ಲೈಕೋಪೀನ್. ಆಂಥೋಸಯಾನಿನ್ ನೀರಲ್ಲಿ ಕರಗುತ್ತೆ. ಹಣ್ಣು ಬಿಡಿಸಿದವರ ಕೈ ಕೆಂಪಾಗೋದು ಅದಕ್ಕೇ. ಆಹಾರ ಉದ್ಯಮದಲ್ಲೂ ಇದಕ್ಕೆ ಬೇಡಿಕೆ ಇದೆ. ಪ್ಯಾಕೆಟ್ ಮೇಲೆ ಇ163 ಅಂತ ಇದ್ರೆ ಅದು ಇದೇ.

ಮನೆಯಲ್ಲೇ ಪರೀಕ್ಷೆ

ಒಂದು ಲೋಟ ನೀರಿಗೆ ಸ್ವಲ್ಪ ಪುನರ್ಪುಳಿ ರಸ ಹಾಕಿ. ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಸೇರಿಸ್ತಾ ಹೋಗಿ. ನೊರೆ ಬಂದು, ಕೆಂಪು ಮಾಸಿ ನೀಲಿ ಕಡೆಗೆ ತಿರುಗುತ್ತೆ. ತಡಮಾಡದೆ ನಿಂಬೆರಸ ಹಿಂಡಿದ್ರೆ ಮತ್ತೆ ಕೆಂಪು! ಅಂದ್ರೆ ಹುಳಿ ಇದ್ದಷ್ಟೂ ಈ ಬಣ್ಣ ಗಟ್ಟಿ. ಪುನರ್ಪುಳಿಯಲ್ಲಿ ಹುಳಿಗೆ ಬರವಿಲ್ಲ, ಕಾಪಾಡೋ ಕೆಲಸ ಮಾತ್ರ ನಮ್ಮದು.

ನಾನು ಪಾಲಿಸೋ ಕ್ರಮ

1. ಪೂರ್ತಿ ಕೆಂಪಾದ ಹಣ್ಣನ್ನೇ ಕೊಯ್ಯಿರಿ. ಹಸಿರು ಕಾಯಲ್ಲಿ ಬಣ್ಣ ಇನ್ನೂ ತುಂಬಿರಲ್ಲ.

2. ಇಡೀ ಹಣ್ಣನ್ನು ತೊಳೀರಿ. ಹೆಚ್ಚಿದ ಮೇಲೆ ತೊಳೆದ್ರೆ ಬಣ್ಣ ನೀರು ಪಾಲು.

3. ಕಬ್ಬಿಣದ ಪಾತ್ರೆ ಬೇಡ. ಕಬ್ಬಿಣ ಸೇರಿದ್ರೆ ಬಣ್ಣ ಕಪ್ಪಿಡುತ್ತೆ. ಸ್ಟೀಲ್ ಸಾಕು.

4. ಸಿಪ್ಪೆ ತೆಳುವಾಗಿ ಹರಡಿ. ಡ್ರೈಯರ್ ಇದ್ರೆ 60 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ಬೇಗ ಒಣಗಲಿ ಅಂತ ಶಾಖ ಏರಿಸಿದ್ರೆ ಸಿಪ್ಪೆ ಒಣಗುತ್ತೆ, ಬಣ್ಣ ಸಾಯುತ್ತೆ. ಬಿಸಿಲಲ್ಲೇ ಒಣಗಿಸೋದಾದ್ರೆ ಮೋಡ ಕವಿಯೋ ಮುಂಚೆ ಒಳಗೆ ತನ್ನಿ. ತೇವ ಉಳಿದ್ರೆ ಬೂಸ್ಟು ಗ್ಯಾರಂಟಿ.

5. ಒಣಗಿದ್ದನ್ನು ಗಾಳಿಯಾಡದ ಡಬ್ಬದಲ್ಲಿ, ಕತ್ತಲೆಯಲ್ಲಿಡಿ. ಬೆಳಕು, ಗಾಳಿ ಎರಡೂ ಬಣ್ಣವನ್ನು ನಿಧಾನವಾಗಿ ತಿಂದುಬಿಡ್ತವೆ.

ಐದನೆಯದರಲ್ಲಿ ನಂಬಿಕೆ ಬರದಿದ್ರೆ ಒಂದೇ ಸಿಪ್ಪೆಯನ್ನು ಎರಡು ಗಾಜಿನ ಬಾಟಲಿಗೆ ತುಂಬಿ. ಒಂದನ್ನು ಕಿಟಕಿ ಹತ್ರ, ಇನ್ನೊಂದನ್ನು ಕಪಾಟಿನಲ್ಲಿಡಿ. ವಾರಕ್ಕೊಂದು ಫೋಟೋ ತೆಗೆದು, ತಿಂಗಳ ಕೊನೆಗೆ ಪಕ್ಕಪಕ್ಕ ಇಟ್ಟು ನೋಡಿ. ಮುಂದಿನ ವ್ಯಾಪಾರಕ್ಕೆ ಯಾವುದನ್ನು ಒಯ್ಯಬೇಕು ಅಂತ ನಿಮಗೇ ಗೊತ್ತಾಗುತ್ತೆ.