ಶಾಲೆಯ ಸುತ್ತಲಿನ ಬಳಗ

ಶಾಲಾ ವರ್ಷದ ಆರಂಭ ಸಮೀಪಿಸಿದಂತೆ ನಮ್ಮ ಕುಟುಂಬಗಳಲ್ಲಿ ಕೇಳಿಬರುವ ಪ್ರಶ್ನೆಗಳು ಮೂರು: ಯಾವ ಶಾಲೆ, ಎಷ್ಟು ಶುಲ್ಕ, ಕಳೆದ ಸಾಲಿನ ಫಲಿತಾಂಶವೇನು? ಇವು ಅನಗತ್ಯವೆಂದು ನಾವು ಹೇಳಲಾರೆವು. ಆದರೆ ಶಾಲೆಯನ್ನು ಒಂದು ಸಾಮಾಜಿಕ ಸಂಸ್ಥೆಯಾಗಿ ಕಂಡ ಚಿಂತಕರು ಇವುಗಳಿಗಿಂತ ಆಳವಾದ ಪ್ರಶ್ನೆಗಳನ್ನು ಎತ್ತಿದ್ದಾರೆ.

ಹಿರಿಯ ತಲೆಮಾರು ಕಿರಿಯರನ್ನು ಸಮಾಜಜೀವನಕ್ಕೆ ಅಣಿಗೊಳಿಸುವ ಕ್ರಿಯೆಯೇ ಶಿಕ್ಷಣವೆಂದು ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ (1858–1917) ವಿವರಿಸಿದರು. ಅದೇ ದೇಶದ ಪಿಯರ್ ಬೋರ್ದ್ಯೂ ಇದಕ್ಕೊಂದು ಎಚ್ಚರಿಕೆಯನ್ನು ಸೇರಿಸಿದರು: ಉಳ್ಳವರ ಮನೆಯ ಭಾಷೆ, ಅಭಿರುಚಿಗಳನ್ನೇ ಶಾಲೆ ಪ್ರತಿಭೆಯೆಂದು ಮನ್ನಿಸಿದರೆ, ಇಲ್ಲದವರ ಮಗು ಹಿಂದೆಯೇ ಉಳಿಯುತ್ತದೆ. ಹಾಗಾದರೆ ಅಂಥ ಮಗುವಿನ ಕೈಹಿಡಿಯುವವರಾರು?

ಅಮೆರಿಕದ ಜೇಮ್ಸ್ ಕೋಲ್ಮನ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಮನನೀಯ. 1980ರಿಂದ 1982ರ ಅವಧಿಯಲ್ಲಿ, 10ನೆಯ ತರಗತಿಯಿಂದ 12ನೆಯ ತರಗತಿಯೊಳಗೆ ಶಾಲೆ ತೊರೆದವರು ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶೇಕಡ 14.4, ಕಥೋಲಿಕ ಶಾಲೆಗಳಲ್ಲಿ ಕೇವಲ ಶೇಕಡ 3.4. ಇತರ ಧಾರ್ಮಿಕ ಸಮುದಾಯಗಳ ಶಾಲೆಗಳಲ್ಲಿಯೂ ಈ ಪ್ರಮಾಣ ಕಡಿಮೆಯೇ ಇತ್ತು. ಇದಕ್ಕೆ ಕಾರಣ ಶಾಲೆಯ ಸುತ್ತಲಿನ ಸಮುದಾಯವೆಂದರು ಕೋಲ್ಮನ್. ಮಕ್ಕಳು ಪರಸ್ಪರ ಸ್ನೇಹಿತರಾಗಿರುವಂತೆ ಅವರ ತಂದೆತಾಯಂದಿರೂ ಪರಿಚಿತರಾಗಿದ್ದರೆ, ದಾರಿ ತಪ್ಪುತ್ತಿರುವ ಮಗುವನ್ನು ಗಮನಿಸುವ ಕಣ್ಣುಗಳು ಹಲವು. ಈ ಸಂಬಂಧಗಳ ಬಲವನ್ನು ಅವರು ‘ಸಾಮಾಜಿಕ ಬಂಡವಾಳ’ ಎಂದು ಕರೆದರು. ಶುಲ್ಕ ತೆತ್ತು ಮಕ್ಕಳನ್ನು ಕಳುಹಿಸುವ ಪೋಷಕರು ಮೊದಲೇ ಹೆಚ್ಚು ಕಾಳಜಿಯುಳ್ಳವರಲ್ಲವೇ ಎಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ಆಕ್ಷೇಪದಲ್ಲಿ ಹುರುಳಿದೆ, ಆದರೂ ಕೋಲ್ಮನ್ನರ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ.

ಏಕೆಂದರೆ ಈ ಬಂಡವಾಳ ಕಟ್ಟಡಗಳಂತೆ ಉಳಿಯುವುದಲ್ಲ, ಬಳಸದಿದ್ದರೆ ಕರಗಿಹೋಗುತ್ತದೆ. ನಮ್ಮ ಮಗುವಿನ ಪಕ್ಕದಲ್ಲಿ ಕೂರುವ ಮಗುವಿನ ತಾಯಿಯ ಹೆಸರು ನಮಗೆ ಗೊತ್ತೇ? ಕೂಲಿಕಾರ ಕುಟುಂಬದಿಂದ ಮೊದಲ ಬಾರಿಗೆ ಅಕ್ಷರ ಕಲಿಯುತ್ತಿರುವ ಬಾಲಕ ವಾರಗಟ್ಟಲೆ ತರಗತಿಗೆ ಬಾರದಿದ್ದರೆ ಧರ್ಮಕೇಂದ್ರದಲ್ಲಿ ಯಾರಾದರೂ ವಿಚಾರಿಸುತ್ತಾರೆಯೇ?

ತಂದೆತಾಯಂದಿರೇ ಮಕ್ಕಳ ಪ್ರಥಮ ಶಿಕ್ಷಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ತನ್ನ ಘೋಷಣೆಯಲ್ಲಿ ಸಾರಿತು. ಆ ಹೊಣೆ ಸ್ವಂತ ಮಕ್ಕಳಿಗೆ ಮಾತ್ರ ಸೀಮಿತವಾಗದಿರಲಿ. ನಮ್ಮ ಶಾಲೆಗಳಲ್ಲಿ ಎಲ್ಲ ಮತಗಳ ಮಕ್ಕಳೂ ಕಲಿಯುತ್ತಾರೆ. ಬಳಗವು ಅವರ ಮನೆಗಳನ್ನೂ ಒಳಗೊಳ್ಳಬೇಕು. ಈ ವರ್ಷ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿಗೆ ಸಹಿ ಹಾಕಿ ಅವಸರದಿಂದ ಹಿಂದಿರುಗದೆ, ಪಕ್ಕದವರ ಪರಿಚಯ ಮಾಡಿಕೊಳ್ಳೋಣ. ಹಿಂದುಳಿದ ಒಂದು ಮಗುವಿನ ಮನೆಗಾದರೂ ಭೇಟಿ ನೀಡೋಣ.